ಮಿಲ್ಲಿನ ಜಾಗಕ್ಕೆ ಮನವಿ

ಚೆಂಡು ಬೆಳಗಿನಿಂದ ನಾಲ್ಕನೇ ಸಲ ಚರಂಡಿಗೆ ಬಿತ್ತು. ಗೋವಿನಕೋವಿಯ ಹುಡುಗಿಯೊಬ್ಬಳು ಮೊಣಕೈವರೆಗೆ ಕೈ ಇಳಿಸಿ ಅದನ್ನು ಎತ್ತಿದಳು, ಬೀದಿ ನಲ್ಲಿಯ ಕೆಳಗೆ ಹಿಡಿದು ತೊಳೆದಳು, ಅಂಗಿಯ ಹೊಟ್ಟೆಗೆ ಒರೆಸಿಕೊಂಡು ಮತ್ತೆ ಆಟಕ್ಕೆ ಓಡಿದಳು. ನೋಡುತ್ತ ನಿಂತಿದ್ದ ಕೆಂಚೇಶನಿಗೆ ಬೆಳಿಗ್ಗೆ ತಿಂದ ಉಪ್ಪಿಟ್ಟು ಗಂಟಲಿಗೆ ಬಂದಂತಾಯಿತು. ಈ ಮಕ್ಕಳಿಗೆ ಹೇಸಿಗೆ ಅನ್ನೋದೇ ಇಲ್ಲವಲ್ಲ ಎಂದುಕೊಂಡ. ಅಂದುಕೊಂಡ ಮರುಗಳಿಗೆಗೇ, ನೀನು ಬಲು ಶುದ್ಧ ಮನುಷ್ಯ ಕಣಯ್ಯ ಎಂದು ಒಳಗಿನಿಂದ ಯಾರೋ ಹಂಗಿಸಿದರು. ಆ ಒಳಗಿನವನ ಬಾಯಿ ಬೆಳಗಿನಿಂದ ಮುಚ್ಚಿರಲಿಲ್ಲ. ಕಂಕುಳಲ್ಲಿದ್ದ ಮನವಿಯ ಫೈಲಿನ ರಟ್ಟು ಬೆವರಿಗೆ ಮೆತ್ತಗಾಗಿ ಅಂಗಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಇನ್ನೊಂದು ಕಂಕುಳಿಗೆ ಸೇರಿಸಿ, ಸೀಟಿಯನ್ನು ಬಾಯಿಗಿಟ್ಟು ಊದಿದ. ಪ್ಲಾಸ್ಟಿಕ್ಕಿನ ಸೀಟಿಯಲ್ಲಿ ಹಿಂದಿನ ಪಂದ್ಯದ ಎಂಜಲು, ತನ್ನದೇ ಎಂಜಲು, ಹಳಸಿದ ವಾಸನೆ ಹೊಡೆಯುತ್ತಿತ್ತು.

ನ್ಯಾಮತಿಯ ಆ ರಸ್ತೆಯನ್ನು ಜನ ಇವತ್ತಿಗೂ ಮಿಲ್ಲಿನ ರಸ್ತೆ ಎಂದೇ ಕರೆಯುತ್ತಾರೆ. ಅಕ್ಕಿ ಮಿಲ್ಲು ನಿಂತು ಎಷ್ಟೋ ವರ್ಷವಾಗಿ, ಈಗ ಅಲ್ಲಿರುವುದು ಒಂದು ಬೋಳು ಗೋಡೆ, ಜಾಲಿಗಿಡ ಮತ್ತು ಊರವರೆಲ್ಲ ಉಚ್ಚೆ ಹೊಯ್ಯಲು ಬಳಸುವ ಒಂದು ಮೂಲೆ. ಮಿಲ್ಲಿನ ಮನೆತನದವರು ಆ ಜಾಗವನ್ನು ಊರಿಗೆಂದು ಬಿಟ್ಟು ಟ್ರಸ್ಟು ಮಾಡಿದ್ದರು. ಅದರ ಯಜಮಾನರು ಚಿಕ್ಕಹನುಮಂತಪ್ಪ, ಎಂಬತ್ತರ ಹತ್ತಿರದ ಹಟದ ಮುದುಕ. ಊರಿನ ಸಾವಿರ ಜನ ಒಂದೇ ಮನವಿಗೆ ಸಹಿ ಹಾಕಿ ಏನು ಕೇಳುತ್ತಾರೋ ಅದನ್ನು ಕಟ್ಟಿಸುತ್ತೇನೆ, ಒಂದೇ ಒಂದು ಸಹಿ ಕಮ್ಮಿಯಾದರೂ ಮುಂದಿನ ವರ್ಷ ನೋಡೋಣ ಎಂದು ಅವರು ಹೇಳಿಬಿಟ್ಟಿದ್ದರು. ಕೆಂಚೇಶ ಆಟ ಕಲಿಸುತ್ತಿದ್ದ ಹೈಸ್ಕೂಲಿನ ಹುಡುಗಿಯರು ಒಂದು ಆಟದ ಭವನ ಕೇಳೋಣ ಎಂದು ಹೊರಟದ್ದು ಹಾಗೆ. ಮೇಲೊಂದು ಶೀಟಿನ ಮಾಡು, ಕೆಳಗೆ ಸಿಮೆಂಟಿನ ಅಂಕಣ, ಪಕ್ಕದಲ್ಲಿ ಕೂತು ಓದಲು ಒಂದು ಕೋಣೆ, ಚಿಲಕ ಬೀಳುವ ಬಾಗಿಲಿನ ಒಂದು ಕಕ್ಕಸು. ಇಷ್ಟೇ. ಜನ ಸೇರಬೇಕಲ್ಲ, ಅದಕ್ಕೆ ಲೈಟ್ ಕಂಬಕ್ಕೆ ರಿಂಗು ಕಟ್ಟಿ, ಟಾರಿನ ಮೇಲೆ ಸುಣ್ಣದ ಗೆರೆ ಎಳೆದು, ಬೀದಿಯಲ್ಲೇ ಎರಡು ದಿನ ಮೂವರು ಮೂವರ ಬ್ಯಾಸ್ಕೆಟ್‌ಬಾಲ್ ಪಂದ್ಯ ಇಟ್ಟರು. ಹೊನ್ನಾಳಿಯಿಂದ, ಸಾಸ್ವೆಹಳ್ಳಿಯಿಂದ ಕೂಡ ತಂಡಗಳು ಬಸ್ಸು ಹಿಡಿದು ಬಂದಿದ್ದವು. ಆಡುವವರು ಆಡುವುದು, ಬಂದವರು ನೋಡುವುದು, ನೋಡಿದವರು ಸಹಿ ಹಾಕುವುದು.

ನ್ಯಾಮತಿಯಲ್ಲಿ ಮನವಿ ಅಂದರೆ ಮೊದಲು ಸಹಿ, ಆಮೇಲೆ ಪತ್ರ. ಬಸ್ಸಿಗೆ ಕಾಯುವಲ್ಲಿ ನೆರಳು ಕೇಳಿದಾಗಲೂ ಹಾಗೇ, ಓಣಿಗೆ ನೀರು ಕೇಳಿದಾಗಲೂ ಹಾಗೇ. ಖಾಲಿ ಹಾಳೆಯ ಮೇಲೆ ಅಂಕಿ, ಹೆಸರು, ಊರು ಎಂದು ಗೆರೆ ಹೊಡೆದು ಬೀದಿಗಿಳಿಯುತ್ತಾರೆ. ಪತ್ರ ಯಾರೋ ಒಬ್ಬರು ಕೊನೆಗೆ ಬರೆದು ಮೇಲೆ ಪಿನ್ನು ಹೊಡೆಯುತ್ತಾರೆ. ಸಹಿ ಹಾಕುವವನು ಹಾಳೆ ನೋಡುವುದಿಲ್ಲ, ಹಿಡಿದುಕೊಂಡು ಬಂದವನ ಮುಖ ನೋಡುತ್ತಾನೆ. ಮೇಷ್ಟ್ರು ತಂದಾರೆ ಅಂದ್ರೆ ಒಳ್ಳೇದೇ ಇರ್ತೈತೆ ಬಿಡ್ರಿ, ಎಂದು ಮಂಡಕ್ಕಿ ತಿನ್ನುತ್ತಿದ್ದ ಕೈಯಲ್ಲೇ ಪೆನ್ನು ಇಸಕೊಂಡು ಗೀಚಿದವರು ಎಷ್ಟು ಜನ! ಒಂದೊಂದು ಹಾಳೆಯ ಮೇಲೂ ಮೆಣಸಿನಕಾಯಿ ಬಜ್ಜಿಯ ಎಣ್ಣೆ ಹರಡಿ ಹಿಂದಿನ ಹಾಳೆಯ ಹೆಸರುಗಳು ಮುಂದಕ್ಕೆ ಕಾಣುತ್ತಿದ್ದವು. ನಿನ್ನೆ ಸಂಜೆ ಎಣಿಸಿದಾಗ ಸಾವಿರದ ನಾಲ್ಕು. ಹುಡುಗಿಯರು ಕಿರುಚಿಕೊಂಡು ಕುಣಿದಿದ್ದರು. ಅವರ ಮುಂದಾಳು ಗಂಗೋತ್ರಿ, ಗೋವಿನಕೋವಿಯಿಂದ ದಿನಾ ಬಸ್ಸಿನಲ್ಲಿ ಬರುವ ಹತ್ತನೇ ಕ್ಲಾಸಿನ ಹುಡುಗಿ, ಕುಣಿಯಲಿಲ್ಲ. ಸರ್, ಇನ್ನೊಂದ್ಸಲ ಎಣಿಸಾನ, ಎಂದಿದ್ದಳು. ಎಣಿಸಿದರು. ಅಷ್ಟೇ ಇತ್ತು.

ಇವತ್ತು ಬೆಳಿಗ್ಗೆ ಏಳಕ್ಕೆ ನಿಂಗರಾಜ್ ಮನೆಗೆ ಬಂದ. ಯುವಕ ಸಂಘದ ಅಧ್ಯಕ್ಷ, ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿಯವನು. ಪಂದ್ಯಕ್ಕೆ ಪೆಂಡಾಲು, ಕುರ್ಚಿ, ಮೈಕು ಎಲ್ಲ ಅವನದೇ. ಕುರ್ಚಿಯಲ್ಲಿ ಕಾಲು ಅಗಲಿಸಿ ಕೂತು, ಜೇಬಿನಿಂದ ಟೈಪು ಮಾಡಿಸಿದ ಒಂದು ಹಾಳೆ ತೆಗೆದು ಟೀಪಾಯಿಯ ಮೇಲಿಟ್ಟ. ಓದುತ್ತ ಓದುತ್ತ ಕೆಂಚೇಶನ ಕಿವಿ ಬಿಸಿಯಾಯಿತು. ಅದು ಕಲ್ಯಾಣ ಮಂಟಪ ಬೇಕೆಂಬ ಮನವಿ.

"ಮೇಷ್ಟ್ರೆ, ಊರಾಗೆ ಒಂದು ಮದ್ವೆ ಮಾಡ್ಬೇಕು ಅಂದ್ರೆ ಹೊನ್ನಾಳಿಗೆ ಓಡ್ಬೇಕು. ಚೆಂಡು ಆಡೋರು ಹತ್ತು ಜನ, ಮದ್ವೆ ಆಗೋರು ಊರೆಲ್ಲ. ಯಾವ್ದು ಬೇಕು, ನೀವೇ ಹೇಳ್ರಿ."

"ಹುಡುಗೇರಿಗೆ ಏನಂತ ಹೇಳಾನ?"

"ಅವ್ರಿಗ್ಯಾಕೆ ಹೇಳಾಕೆ ಹೋಗ್ತೀರಿ? ಪತ್ರ ಯಾರು ಓದ್ತಾರ್ರಿ? ನಿಮ್ಮ ಅಕ್ಷರದಾಗೇ ಒಂದು ಕಾಪಿ ಬರ್ದುಬಿಡ್ರಿ, ಯಾರಿಗೂ ಅನುಮಾನ ಬರಲ್ಲ." ಆಮೇಲೆ, ಮರೆತೇಹೋಗಿತ್ತು ಎಂಬಂತೆ ಆಮಂತ್ರಣದ ಕಾರ್ಡು ತೆಗೆದು ಕೊಟ್ಟ. "ಅಂದಂಗೆ, ಇವತ್ತು ನಿಮಗೂ ಒಂದು ಸನ್ಮಾನ ಇಟ್ಟೀವಿ."

ಕಾರ್ಡಿನ ಕೆಳತುದಿಯಲ್ಲಿ, ದೀಪ ಬೆಳಗಿಸುವವರು, ಮುಖ್ಯ ಅತಿಥಿಗಳು, ಉಪಸ್ಥಿತರು ಎಲ್ಲ ಮುಗಿದ ಮೇಲೆ, ಸನ್ಮಾನಿತರು ಎಂದು ಅವನ ಹೆಸರಿತ್ತು. ಕೆಂಚೇಶ ಅದನ್ನು ಎರಡು ಸಲ ಓದಿದ. ಹತ್ತೊಂಬತ್ತು ವರ್ಷದಿಂದ ಅವನು ಹಿಡಿದದ್ದು ತಟ್ಟೆ. ಡ್ರಿಲ್ ಮೇಷ್ಟ್ರು ಅಂದರೆ ಸಾಲು ನಿಲ್ಲಿಸುವವನು, ಸೀಟಿ ಊದುವವನು, ಗದ್ದಲ ಅಡಗಿಸುವವನು. ಸಭೆ ಶುರುವಾದ ಮೇಲೆ ಶಾಲು, ಹಾರ, ಹಣ್ಣಿನ ತಟ್ಟೆ ಹಿಡಿದುಕೊಂಡು ಗಣ್ಯರ ಬೆನ್ನ ಹಿಂದೆ ನಿಲ್ಲುವವನು. ಎಷ್ಟೋ ಫೋಟೋಗಳಲ್ಲಿ ಅವನ ಎರಡು ಕೈ ಮಾತ್ರ ಇವೆ. ಒಂದು ಸಲ ನಿವೃತ್ತಿಯಾದ ಹೆಡ್‌ಮಾಸ್ಟರಿಗೆ ಹಾರ ಹಾಕುವಾಗ ಫೋಟೋಗೆ ಒಬ್ಬರು ಕಮ್ಮಿ ಬಿದ್ದು, ಯಾರೋ ಅವನನ್ನು ಮುಂದಕ್ಕೆ ನೂಕಿದ್ದರು. ಅವನು ಹಲ್ಲು ಬಿಟ್ಟು ನಿಂತೂ ಇದ್ದ. ಅಷ್ಟರಲ್ಲಿ ಇನ್ನಾರೋ ಬಂದರೆಂದು, ಸ್ವಲ್ಪ ಸರೀರಿ ಮೇಷ್ಟ್ರೆ, ಅಂದರು. ಸರಿದ. ಬಿಟ್ಟ ಹಲ್ಲನ್ನು ಮುಚ್ಚಿಕೊಳ್ಳಲು ಮರೆತು ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಆ ನೆನಪು ಬಂದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತದೆ. ಆದ್ದರಿಂದ, ಬೇರೆ ಯಾವ ಕಾರಣಕ್ಕೂ ಅಲ್ಲ, ಬರೀ ಒಂದು ಶಾಲಿನ ಆಸೆಗೆ ಅವನು ಪೆನ್ನು ತೆಗೆದು ಕೂತು, ಒಂದು ಅಕ್ಷರವೂ ಹೊಡೆದು ತಿದ್ದದ ಹಾಗೆ ಪತ್ರ ಬರೆದುಕೊಟ್ಟ. ಕಾಫಿಯ ಲೋಟದಲ್ಲಿ ಕೆನೆ ಕಟ್ಟಿತ್ತು. ಅದನ್ನು ತೆಗೆಯದೆ ಕುಡಿದ.

ಹುಡುಗಿಯರ ಪತ್ರವನ್ನೂ ಬರೆದದ್ದು ಅವನೇ. ಕ್ಲಾಸಿನಲ್ಲಿ ಗಂಗೋತ್ರಿ ಹೇಳುತ್ತ ಹೋಗಿದ್ದಳು, ಅವನು ಬರೆಯುತ್ತ ಹೋಗಿದ್ದ. ಕಕ್ಕಸಿನ ವಿಷಯ ಬಂದಾಗ ಅವಳು ನಾಚಿದ್ದಳು, ಆಮೇಲೆ, ಬರೀರಿ ಸರ್, ಅದಿಲ್ಲ ಅಂತ್ಲೇ ಎಷ್ಟೋ ಜನ ಬರಲ್ಲ, ಅಂದಿದ್ದಳು. ನಿಂಗರಾಜ್ ಹೋದ ಮೇಲೆ ಕೆಂಚೇಶ ಆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಬಚ್ಚಲ ಒಲೆಗೆ ಹಾಕಿದ. ನೀರು ಕಾಯಿಸುತ್ತಿದ್ದ ಹೆಂಡತಿ ಪುಷ್ಪಾ, "ರೀ, ಅದು ಹುಡುಗೇರ್ದು ಅಲ್ವೇನ್ರಿ?" ಎಂದಳು. ರಫ್ ಕಾಪಿ ಅದು, ಎಂದ. ಉಪ್ಪಿಟ್ಟು ಬಡಿಸುವಾಗ ಅವಳು ಅವನ ಮುಖ ನೋಡಲಿಲ್ಲ. ಸ್ನಾನಕ್ಕೆ ಹೋದರೆ ಕಾದ ನೀರಿನಲ್ಲಿ ಸುಟ್ಟ ಕಾಗದದ ಕರಿ ತೇಲುತ್ತಿತ್ತು. ಅದನ್ನೇ ಹೊಯ್ದುಕೊಂಡ.

ಈಗ ಹನ್ನೊಂದೂವರೆ. ಹುಡುಗಿಯರ ಫೈನಲ್, ಗೋವಿನಕೋವಿಯವರಿಗೂ ನ್ಯಾಮತಿಯವರಿಗೂ. ಎಂಟು, ಎಂಟು. ಟಾರು ಕಾದು ಸುಣ್ಣದ ಗೆರೆಗಳು ಮೆತ್ತಗೆ ಕರಗಿ ಬೂಟಿಗೆ ಅಂಟುತ್ತಿದ್ದವು; ಬೂಟಿಲ್ಲದವರ ಅಂಗಾಲಿಗೆ ಅಂಟುತ್ತಿದ್ದವು. ಮಿಲ್ಲಿನ ಗೋಡೆಯ ನೆರಳಿನಲ್ಲಿ ಗೋವಿನಕೋವಿಯಿಂದ ಬಂದ ಹೆಂಗಸರು ಕೂತಿದ್ದರು. ಗಂಗೋತ್ರಿಯ ಅಜ್ಜಿ ತಿಪ್ಪಮ್ಮ ಆಟ ಅರ್ಥವಾಗದಿದ್ದರೂ ಮೊಮ್ಮಗಳ ಕೈಗೆ ಚೆಂಡು ಬಂದಾಗಲೆಲ್ಲ, ಹಾಕವ್ವ, ಹಾಕು, ಎಂದು ಕೂಗುತ್ತಿದ್ದಳು. ಗಂಡಸರು ಕೆಲವರು ಬಜ್ಜಿ ತಿನ್ನುತ್ತ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಚೆಂಡನ್ನಲ್ಲ. ಕೆಂಚೇಶನಿಗೆ ಕಂಡದ್ದು ಅವರ ಬಾಯಿ, ಎಣ್ಣೆ ಮೆತ್ತಿದ ತುಟಿ, ಅಗಿಯುವ ದವಡೆ. ಹೋಗಿ ಆ ಕಡೆ ನಿಲ್ಲಿರಿ ಎಂದು ಹೇಳಬೇಕು ಅನ್ನಿಸಿತು. ಅವರಲ್ಲೊಬ್ಬ ಸಂಘದ ಖಜಾಂಚಿ. ಕೆಂಚೇಶ ಚೆಂಡಿನ ಕಡೆ ತಿರುಗಿದ.

ಅಷ್ಟರಲ್ಲಿ ಪೆಂಡಾಲಿನ ಹತ್ತಿರ ಕಾರು ನಿಂತಿತು. ನಿಂಗರಾಜ್ ಓಡಿಬಂದು ದೂರದಿಂದಲೇ ಕೈ ಅಡ್ಡಡ್ಡ ಆಡಿಸಿದ: ನಿಲ್ಲಿಸ್ರಿ, ಯಜಮಾನ್ರು ಬಂದ್ರು. ಗಡಿಯಾರದಲ್ಲಿ ಇನ್ನೂ ಒಂದೂವರೆ ನಿಮಿಷವಿತ್ತು. ಗಂಗೋತ್ರಿ ಇಬ್ಬರ ನಡುವೆ ನುಸುಳಿ ಎಗರಿದಳು. ಚೆಂಡು ಅವಳ ಬೆರಳು ಬಿಟ್ಟಿತು. ಕೆಂಚೇಶ ಸೀಟಿ ಊದಿದ. ಚೆಂಡು ರಿಂಗಿನ ಅಂಚು ತಾಕಿ, ಒಂದು ಗಳಿಗೆ ಅಲ್ಲೇ ಕೂತಂತೆ ಮಾಡಿ, ಒಳಗೆ ಬಿತ್ತು. ಹೆಂಗಸರೆಲ್ಲ ಹೋ ಎಂದರು. ಅವನು ತಲೆ ಅಲ್ಲಾಡಿಸಿ, ಎರಡೂ ಕೈ ಅಡ್ಡ ಮಾಡಿ, ಇಲ್ಲ ಎಂದು ತೋರಿಸಿದ.

"ಸರ್, ನನ್ನ ಕೈ ಬಿಟ್ಟಮೇಲೆ ಸೀಟಿ ಊದಿದ್ರಿ. ಕೈ ಬಿಟ್ಟಿದ್ರೆ ಪಾಯಿಂಟ್ ಐತೆ ಅಂತ ನೀವೇ ಹೇಳಿಕೊಟ್ಟೀರಿ."

"ಹೋಗು, ಮುಖ ತೊಳ್ಕೊಂಡು ಬಾ. ಸಭೆ ಐತೆ."

"ಅಲ್ಲ ಸರ್, ಟೈಮೂ ಇನ್ನೂ..."

"ಹೋಗು ಅಂದೆ."

ಅವಳು ಹೋದಳು. ಅವಳ ಅಂಗಾಲಿನಲ್ಲಿ ಸುಣ್ಣವೂ ಟಾರೂ ಸೇರಿ ಕಪ್ಪುಬಿಳಿ ಮೆತ್ತಿಕೊಂಡಿತ್ತು. ಮೈಕಿನಲ್ಲಿ ನಿಂಗರಾಜ್, ಎರಡೂ ತಂಡದವರು ಗೆದ್ದಾರೆ, ಎಲ್ಲಾರೂ ಚಪ್ಪಾಳೆ ಹೊಡೀರಿ, ಅನ್ನುತ್ತಿದ್ದ. ಜನ ಹೊಡೆದರು. ಕೆಂಚೇಶ ಸೀಟಿಯನ್ನು ಕತ್ತಿನಿಂದ ಬಿಚ್ಚಿ ಜೇಬಿಗೆ ಹಾಕಿ, ವೇದಿಕೆಯ ಮೆಟ್ಟಿಲು ಹತ್ತಿದ. ಮೆಟ್ಟಿಲೆಂದರೆ ಎರಡು ಸೋಡಾ ಕ್ರೇಟು.

ಸನ್ಮಾನದ ಪೇಟ ಒಂದೇ ಇತ್ತು. ನಿಂಗರಾಜನ ಅಂಗಡಿಯ ಬಾಡಿಗೆ ಸಾಮಾನು ಅದು. ಮೊದಲು ಯಜಮಾನರ ತಲೆಗೆ ಹೋಯಿತು, ಫೋಟೋ ಆದ ಮೇಲೆ ತೆಗೆದು ಇನ್ನೊಬ್ಬರಿಗೆ, ಅಲ್ಲಿಂದ ತೆಗೆದು ಮತ್ತೊಬ್ಬರಿಗೆ. ತನ್ನ ಸರದಿ ಬರುವ ಹೊತ್ತಿಗೆ ಅದರ ಒಳಪಟ್ಟಿ ಕಪ್ಪಗೆ ಮಿರುಗುತ್ತಿದ್ದುದನ್ನು ಕೆಂಚೇಶ ಕಂಡ. ಎಷ್ಟು ಮದುವೆಯ ಎಣ್ಣೆಯೋ, ಎಷ್ಟು ಮಾವಂದಿರ ಬೆವರೋ. ನಿಂಗರಾಜ್ ಅದನ್ನು ಎರಡೂ ಕೈಯಿಂದ ಒತ್ತಿ ಕೂರಿಸಿದ. ಇನ್ನೂ ಬೆಚ್ಚಗಿತ್ತು, ಹಣೆಯ ಮೇಲೆ ಜಿಡ್ಡು ಅಂಟಿತು. ಹೆಗಲ ಮೇಲೆ ಶಾಲು ಬಿತ್ತು. ಆಗ ಅವನಿಗೆ ಆದದ್ದು ಅಸಹ್ಯವಲ್ಲ. ರೋಮಾಂಚ. ಬೆನ್ನಹುರಿಯುದ್ದ ಸಣ್ಣಗೆ ಸುಖ ಹರಿದು, ಕಣ್ಣಲ್ಲಿ ನೀರು ಬರುವಂತಾಯಿತು, ಪುಷ್ಪಾ ನೋಡಬೇಕಿತ್ತು ಅನ್ನಿಸಿತು. ಅಸಹ್ಯ ಬಂದದ್ದು ಆಮೇಲೆ, ಆ ಸುಖದ ಮೇಲೆ.

ಅವನು ಕೂತ ಕುರ್ಚಿಯ ಮುಂದೆ ಟೀಪಾಯಿ, ಟೀಪಾಯಿಯ ಮೇಲೆ ಫೈಲು. ಕೊನೆಯಲ್ಲಿ ಅದನ್ನು ಯಜಮಾನರ ಕೈಗೆ ಕೊಟ್ಟು ಎಲ್ಲರೂ ಎದ್ದು ನಿಂತು ಫೋಟೋ ತೆಗೆಸಿಕೊಳ್ಳುವುದು ಎಂದು ಕಾರ್ಯಕ್ರಮ. ನಿಂಗರಾಜ್ ಅದನ್ನು ಎತ್ತಲು ಬಗ್ಗಿದಾಗ ಚಿಕ್ಕಹನುಮಂತಪ್ಪ ಕೈ ಅಡ್ಡ ಹಿಡಿದರು. "ತಡಿಯಪ್ಪ. ಯಾರು ಆಡ್ಯಾರೋ ಅವ್ರು ಓದ್ಲಿ. ಮಕ್ಕಳ ಬಾಯಾಗೇ ಕೇಳಾನ." ನಿಂಗರಾಜನ ಮುಖ ಒಂದು ಗಳಿಗೆ ಬಿಳಿಚಿತು. ಬಿಸಿಲು ಯಜಮಾನ್ರೆ, ಹುಡುಗೇರು ಸುಸ್ತಾಗ್ಯಾರೆ, ಅಂದ. ಮುದುಕ ಕೇಳಿಸಿಕೊಳ್ಳದೆ ಸಾಲಿನಲ್ಲಿದ್ದ ಗಂಗೋತ್ರಿಯನ್ನು ಬೆರಳಿನಿಂದ ಕರೆದರು. "ಬಾರವ್ವ. ಗಟ್ಟಿಯಾಗಿ ಓದು. ನನಗೆ ಕಿವಿ ಅಷ್ಟಕ್ಕಷ್ಟೆ."

ಅವಳು ಒದ್ದೆ ಮುಖದಲ್ಲಿ ಬಂದು ಪತ್ರ ಕೈಗೆತ್ತಿಕೊಂಡಳು. ಕೆಂಚೇಶನ ಅಕ್ಷರ ನೋಡಿ ಅವಳ ಮುಖ ಸಡಿಲವಾಯಿತು. ಇದು ನನಗೆ ಗೊತ್ತಿರುವ ಪತ್ರ ಅನ್ನುವಂತೆ ಬೆನ್ನು ನೆಟ್ಟಗೆ ಮಾಡಿ ನಿಂತು ಶುರು ಮಾಡಿದಳು. ಸನ್ಮಾನ್ಯರೇ, ನಮ್ಮ ಊರಿನ ಹಳೆ ಮಿಲ್ಲಿನ ಜಾಗದಲ್ಲಿ, ಸಾರ್ವಜನಿಕರ ಬಹುದಿನಗಳ ಬೇಡಿಕೆಯಂತೆ, ಮದುವೆ, ನಾಮಕರಣ ಮೊದಲಾದ ಶುಭಕಾರ್ಯಗಳಿಗೆ. ಅಲ್ಲಿಗೆ ನಿಂತಳು. ತುಟಿ ಮಾತ್ರ ಮುಂದಿನ ಸಾಲಿನ ಮೇಲೆ ಸದ್ದಿಲ್ಲದೆ ಓಡಿತು. ಆಮೇಲೆ ಅವಳು ಕತ್ತು ಎತ್ತಿ ನೋಡಿದ್ದು ನಿಂಗರಾಜನನ್ನಲ್ಲ. ಪೇಟ ಇಟ್ಟುಕೊಂಡು ಕೂತಿದ್ದ ಕೆಂಚೇಶನನ್ನು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸರ್, ಇಲ್ಲೇನೋ ತಪ್ಪಾಗೈತೆ, ಅನ್ನುವ ನೋಟ. ಲೆಕ್ಕ ತಪ್ಪಿದಾಗ ಮಕ್ಕಳು ಮೇಷ್ಟ್ರ ಮುಖ ನೋಡುತ್ತಾರಲ್ಲ, ಅಷ್ಟೇ.

ಈಗ ಹೇಳಬಹುದಿತ್ತು. ಪತ್ರ ಬದಲಾಗಿದೆ ಎಂದು ಎರಡು ಮಾತು. ಶಾಲು ಹೆಗಲಿನಿಂದ ಜಾರುತ್ತಿತ್ತು, ಅದನ್ನು ಹಿಡಿದುಕೊಂಡ.

"ಓದವ್ವ," ಎಂದ ಕೆಂಚೇಶ. "ಮುಂದೆ ಓದು."

ಓದಿದಳು. ಕೊನೆಯವರೆಗೂ ಓದಿದಳು, ಅವನೇ ಕಲಿಸಿದಂತೆ ಗಟ್ಟಿಯಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು. ಊಟದ ಹಾಲು, ವಧೂವರರ ಕೋಣೆ, ಅಡುಗೆಮನೆ. ಊಟದ ಹಾಲು ಎಂದಾಗ ಪೆಂಡಾಲಿನಲ್ಲಿ ಚಪ್ಪಾಳೆ ಬಿತ್ತು. ಸಹಿ ಹಾಕಿದವರೇ ಹೊಡೆಯುತ್ತಿದ್ದರು. ಒಬ್ಬನಾದರೂ, ಇದಲ್ಲವಲ್ಲ ನಾವು ಕೇಳಿದ್ದು, ಎನ್ನಲಿಲ್ಲ. ಅವರು ಕೇಳಿಯೇ ಇರಲಿಲ್ಲ, ಬರೀ ಸಹಿ ಹಾಕಿದ್ದರು. ಮುದುಕ ಕಣ್ಣು ಮುಚ್ಚಿ ತಲೆದೂಗಿದರು. ಓದಿ ಮುಗಿಸಿ ಗಂಗೋತ್ರಿ ಪತ್ರವನ್ನು ಟೀಪಾಯಿಯ ಮೇಲಿಟ್ಟಳು, ಇಟ್ಟು ಕೆಳಗಿಳಿಯಲಿಲ್ಲ.

"ಸರ್, ಪೆನ್ ಕೊಡ್ರಿ."

ಮೇಷ್ಟ್ರನ್ನು ಪೆನ್ನು ಕೇಳಿದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಕೊಟ್ಟ. ಅವಳು ಹಾಳೆ ತಿರುವಿ ತನ್ನ ಹೆಸರು ಹುಡುಕಿ ಅದರ ಮೇಲೆ ಅಡ್ಡ ಗೆರೆ ಎಳೆದಳು. ಪಕ್ಕದಲ್ಲಿ ಪುಟ್ಟದಾಗಿ ಮತ್ತೆ ತನ್ನ ಸಹಿ ಹಾಕಿದಳು, ಹೊಡೆದುಹಾಕಿದವಳು ತಾನೇ ಎಂದು ಗೊತ್ತಾಗಲಿ ಎಂದು. ಅದನ್ನೂ ಕಲಿಸಿದವನು ಅವನೇ. ಅವಳ ತಂಡದ ಉಳಿದ ಮೂವರೂ, ಬದಲಿಗೆಂದು ಕೂತಿದ್ದವಳೂ ಸೇರಿ, ಒಬ್ಬೊಬ್ಬರಾಗಿ ಕ್ರೇಟು ಹತ್ತಿ ಬಂದರು. "ಸರ್, ನಂದು ಎಲ್ಲೈತೆ?" ಎಂದು ಕೇಳಿದರು. ಅವನೇ ಹುಡುಕಿ ತೋರಿಸಿದ. ನೂರಾ ಹನ್ನೆರಡು, ನೂರಾ ಹದಿಮೂರು, ಇನ್ನೂರಾ ಒಂದು. ನಿಂಗರಾಜ್ ಮೈಕಿಗೆ ಕೈ ಅಡ್ಡವಿಟ್ಟು ಯಜಮಾನರ ಕಿವಿಯಲ್ಲಿ ಬಗ್ಗಿ ನಗುತ್ತಿದ್ದ: "ಏನಿಲ್ಲ ಯಜಮಾನ್ರೆ, ಪಂದ್ಯ ಸಮ ಆತಲ್ಲ, ಅದಕ್ಕೆ ಸಿಟ್ಟು." ನ್ಯಾಮತಿ ತಂಡದ ಹುಡುಗಿಯರು ಕೆಳಗೆ ಅಪ್ಪಂದಿರ ಮುಖ ನೋಡಿಕೊಂಡು ನಿಂತಲ್ಲೇ ನಿಂತಿದ್ದರು. ಸಾವಿರದ ನಾಲ್ಕರಲ್ಲಿ ನಾಲ್ಕು ಹೋದರೆ ಸಾವಿರ. ಪಾಯಿಂಟು ಎಣಿಸಿ ಎಣಿಸಿ ಅಭ್ಯಾಸವಾದ ತಲೆ, ಬೇಡವೆಂದರೂ ಎಣಿಸಿತು. ಸರಿಯಾಗಿ ಸಾವಿರ.

ಕ್ರೇಟಿನ ಮೇಲೆ ಕಾಲಿಡಲಾಗದೆ ತಿಪ್ಪಮ್ಮ ವೇದಿಕೆಯ ಅಂಚಿಗೆ ಕೈ ಊರಿ ಕೆಳಗೇ ನಿಂತಳು. ಬಿಸಿಲಲ್ಲಿ ನಡೆದು ಏದುಸಿರು ಬಿಡುತ್ತಿದ್ದಳು.

"ಮೇಷ್ಟ್ರೆ, ನಂದೂ ಐತಲ್ಲ ಅದ್ರಾಗೆ."

ಹಾಳೆ ತಾನೇ ತೆರೆದಿತ್ತು. ಇನ್ನೂರಾ ಎರಡು. ನೀಲಿ ಶಾಯಿಯ ಹೆಬ್ಬೆಟ್ಟು, ಮೊದಲ ಸಲ ಸರಿಯಾಗಿ ಮೂಡದೆ ಎರಡನೇ ಸಲ ಅವನೇ ಅವಳ ಬೆರಳು ಹಿಡಿದು ಒತ್ತಿಸಿದ್ದು.

"ಹುಡುಗೇರು ಅವರವರ ಹೆಸ್ರು ಹೊಡ್ಕೊಂಡ್ರು. ನನಗೆ ಬರೆಯಾಕೆ ಬರಲ್ಲ. ಹೆಬ್ಬೆಟ್ಟು ಹೆಂಗೆ ಹೊಡ್ಕೋಬೇಕ್ರಿ?" ಅವಳು ಕೇಳಿದ್ದು ನಿಜವಾಗಿಯೂ ತಿಳಿಯಲೆಂದು; ಕುಟುಕು ಇರಲಿಲ್ಲ. "ನೀವೇ ಹೊಡೀರಿ. ಹಾಕ್ಸಿದೋರು ನೀವೇ ಅಲ್ವ."

ಪೆನ್ನು ಅವನ ಕೈಗೆ ವಾಪಸು ಬಂದಿತ್ತು. ಅದರ ಮೈ ನಾಲ್ಕು ಹುಡುಗಿಯರ ಬೆವರಿಗೆ ಒದ್ದೆಯಾಗಿತ್ತು. ಒಂದು ಗೆರೆ. ಒಂಬೈನೂರ ತೊಂಬತ್ತೊಂಬತ್ತು ಆಗುತ್ತದೆ, ಈ ವರ್ಷ ಮಂಟಪವಿಲ್ಲ, ಮಿಲ್ಲಿನ ಜಾಗ ಇನ್ನೊಂದು ವರ್ಷ ಯಾರದೂ ಅಲ್ಲದೆ ಉಳಿಯುತ್ತದೆ, ಹುಡುಗಿಯರು ಮತ್ತೆ ಕೇಳಬಹುದು. ಗಂಗೋತ್ರಿ ಅಲ್ಲೇ ನಿಂತು ಅವನ ಕೈ ನೋಡುತ್ತಿದ್ದಳು. ಅವಳೂ ಎಣಿಸಿದ್ದಳು ಎಂದು ಅವನಿಗೆ ಗೊತ್ತಾಯಿತು. ನಿಂಗರಾಜ್, "ಮೇಷ್ಟ್ರೆ, ಫೋಟೋ, ಈ ಕಡೆ ನೋಡ್ರಿ," ಎಂದು ಕೂಗಿದ. ಯಜಮಾನರು ಆಗಲೇ ಎದ್ದು ನಿಂತಿದ್ದರು. ಅವರ ಪಕ್ಕದಲ್ಲಿ ಒಂದಾಳು ನಿಲ್ಲುವಷ್ಟು ಜಾಗ ಬಿಟ್ಟಿದ್ದರು.

ಕೆಂಚೇಶ ಪೆನ್ನಿಗೆ ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿಕೊಂಡ.

"ಆಮೇಲೆ ನೋಡಾನ, ಅಜ್ಜಿ," ಎಂದ.

"ಆಗ್ಲಪ್ಪ," ಎಂದಳು ತಿಪ್ಪಮ್ಮ. "ಮರೀಬ್ಯಾಡ್ರಿ ಮತ್ತೆ." ಮೇಷ್ಟ್ರು ಹೇಳಿದ್ದಾರೆ ಅಂದ ಮೇಲೆ ಆಯಿತು ಎಂದು ನಂಬಿ, ವೇದಿಕೆಯ ಅಂಚು ಬಿಟ್ಟು, ಮೊಮ್ಮಗಳಿಗೆ ಬಾರವ್ವ ಎಂದು ಕೈ ಚಾಚಿದಳು.